ಅರ್ಧಕ್ಕೆ ನಿಂತ ರಿವಾಯತ್

2004ರಲ್ಲಿ, ಮೊಹರಂ ಹತ್ತಿರ ಬಂದಾಗ, ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ನಾನು ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯ ಕ್ಯಾಸೆಟ್ ಅಂಗಡಿಯಲ್ಲಿದ್ದೆ. ಕಂಪ್ಯೂಟರ್ ಮೇಜಿನ ಎಡಕ್ಕೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಅಲ್ಲಿಂದ ಪರದೆಯೂ ಕಾಣುತ್ತಿತ್ತು, ಬಂದವರ ಮುಖವೂ ಕಾಣುತ್ತಿತ್ತು.

ನಾನು ಬಸವನ ಬಾಗೇವಾಡಿಯವನು. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುವುದು ಆ ಅಂಗಡಿಯಲ್ಲಿ ನನ್ನ ಕೆಲಸ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದೆ. ದಿನವಿಡೀ ಕಿವಿಯ ಮೇಲೆ ಹೆಡ್‌ಫೋನ್. ಆ ಊರಿನಲ್ಲಿ ನಾನು ಹೆಚ್ಚು ಕೇಳಿದ ಮಾತೆಲ್ಲ ಕ್ಯಾಸೆಟ್ಟಿನೊಳಗಿನವರದು.

ಅಂದು ಬಂದವರು ದೇವಣಗಾಂವದ ಒಬ್ಬ ಮುದುಕರು ಮತ್ತು ಇಂಡಿಗೆ ಮದುವೆಯಾಗಿ ಹೋಗಿದ್ದ ಒಬ್ಬ ಹೆಣ್ಣುಮಗಳು. ಆಕೆಯ ತಂದೆ ಮತ್ತು ಈ ಮುದುಕರು ಮೊಹರಮ್ಮಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಜೋಡಿಯಾಗಿ ರಿವಾಯತ್, ಅಂದರೆ ಕರ್ಬಲಾದ ಕಥೆಯ ಪದ, ಹಾಡುತ್ತಿದ್ದರು. ತಂದೆ ನುಡಿ ಎತ್ತುವರು, ಇವರು ಪಲ್ಲವಿ ಹಿಡಿಯುವರು. ತಂದೆ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹಾಡುಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಇದ್ದ ಒಂದೇ ಕ್ಯಾಸೆಟ್ಟನ್ನು ನಾನು ಕಂಪ್ಯೂಟರಿಗೆ ಇಳಿಸಿದ ಕೆಲವೇ ದಿನಗಳಲ್ಲಿ ಮುದುಕರ ಮನೆಯ ಟೇಪ್‌ರೆಕಾರ್ಡರ್ ಅದರ ರೀಲು ಸುತ್ತಿಕೊಂಡು ಹರಿದುಹಾಕಿತ್ತು.

"ಈ ವರ್ಸ ನಾನ ಎತ್ತಬೇಕ್ರಿ," ಎಂದರು ಮುದುಕರು. "ಜಲ್ಮಾ ಎಲ್ಲಾ ಹಿಂದ ನಿಂತು ಪಲ್ಲವಿ ಹಿಡದೇನಿ. ಮುಂದಿನ ನುಡಿ ನನಗ ಬರೂದಿಲ್ಲ. ಸೀಡಿ ಹಚ್ಚಿ ಕಲತಗೋತೇನಿ."

ಸಿ.ಡಿ. ಬರೆಯಲು ಹಚ್ಚಿದೆ. ಮೊದಲ ಹಾಡಿನಲ್ಲೇ ನಿಂತಿತು. ಬೇರೆ ಸಿ.ಡಿ. ಹಾಕಿದೆ, ಅಲ್ಲೇ ನಿಂತಿತು. ಸಿ.ಡಿ. ಬಿಟ್ಟು, ಆ ಹಾಡನ್ನು ಕಂಪ್ಯೂಟರಿನೊಳಗೇ ಇನ್ನೊಂದು ಕಡೆ ನಕಲು ಮಾಡಲು ನೋಡಿದೆ. ಮತ್ತೆ ಅದೇ ಜಾಗ. ಹಾಗಾದರೆ ಬರೆಯುವುದು ಸರಿಯಿದೆ, ಓದುವುದೇ ಆಗುತ್ತಿಲ್ಲ ಅಂದುಕೊಂಡೆ. ಕೇಬಲ್ ಬದಲಿಸಿದೆ. ಕೊನೆಗೆ ಕಂಪ್ಯೂಟರ್ ಡಬ್ಬಿಯ ಬದಿಯ ತಗಡು ಬಿಚ್ಚಿ, ಅಂಗಡಿಯ ಫ್ಯಾನ್ ಆರಿಸಿ ಕಿವಿಗೊಟ್ಟೆ. ಹಾಡುಗಳಿದ್ದ ಹಾರ್ಡ್‌ಡಿಸ್ಕ್ ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಕ್.

"ಇಷ್ಟ ದೊಡ್ಡ ಡಬ್ಬಿ, ಒಬ್ಬ ಮನಷ್ಯಾನ ದನಿ ತಾಳೂದಿಲ್ಲೇನು?" ಮುದುಕರು ನಕ್ಕರು. "ನಮ್ಮ ದೋಸ್ತನ ಗಂಟಲಾ ಅಂಥಾದ್ದ ಬಿಡು."

ನಾನೂ ನಕ್ಕೆ. ಇನ್ನೊಂದು ಹಳೆಯ ಡಿಸ್ಕಿನಲ್ಲಿ ಎಲ್ಲದರ ನಕಲು ಇತ್ತು. ಅದನ್ನು ತೆರೆದೆ. ಹಾಡುಗಳ ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ.

ಗಲ್ಲಾದ ಮುಂದೆ ಕುಳಿತಿದ್ದ ಮಾಲೀಕರನ್ನು ಕೇಳಿದೆ. ನಮ್ಮಲ್ಲಿ ಪ್ರತಿ ಅಮಾವಾಸ್ಯೆಗೆ ಅಂಗಡಿ ಪೂಜೆ. ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಕಾಯಿ ಒಡೆದು, ಆ ದಿನದ ಮೊದಲ ಗುಂಡಿಯನ್ನು ಮಾಲೀಕರೇ ಒತ್ತಬೇಕು. ಆ ಮೊದಲ ಕೆಲಸವೆಂದರೆ ಹಳೆಯ ಡಿಸ್ಕಿಗೆ ನಕಲು ಮಾಡುವುದು.

"ನಿನ್ನಿ ಏನೇನೋ ಇಂಗ್ಲೀಷಿನ್ಯಾಗ ಕೇಳ್ತು," ಎಂದರು. "ಅಮಾಸಿ ದಿನಾ, ಕಾಯಿ ಒಡದ ಕೈ, ಇಲ್ಲ ಅಂತಾರೇನೋ ತಮ್ಮಾ? ಕೇಳಿದ್ದಕ್ಕೆಲ್ಲಾ ಹೂಂ ಅಂತ ಒತ್ತಿದೆ."

ಹಳೆಯ ನಕಲು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಹಾಕಲೇ ಎಂದು ಅದು ಕೇಳಿತ್ತು. ಹಳೆಯದು ಅಳಿದಿತ್ತು. ಹೊಸದನ್ನು ಓದಿ ಕೊಡಲು ಕೆಟ್ಟ ಡಿಸ್ಕಿನ ಕೈಲಿ ಆಗಿರಲಿಲ್ಲ. ನಾನು ಇದನ್ನು ಮಾಲೀಕರಿಗೆ ಹೇಳಿದೆ. ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು.

"ಸಿಕ್ಕಷ್ಟು ಹಚ್ಚು," ಎಂದರು ಮುದುಕರು.

ಸ್ಪೀಕರ್ ಹಾಕಿದೆ. ಸತ್ತವರ ದನಿ ಎದ್ದಿತು, ನಿಜಕ್ಕೂ ಅಂಗಡಿ ತುಂಬುವಂಥ ದನಿ. ಒಂದು ನುಡಿ ಮುಗಿಯಿತು. ಪಲ್ಲವಿಯಲ್ಲಿ ಮುದುಕರದೇ ದನಿ ಬಂತು. ಅದನ್ನು ಕೇಳುತ್ತ ಅವರು, ಹಾಡುವಾಗ ಮಾಡುತ್ತಿದ್ದಂತೆಯೇ ಇರಬೇಕು, ಬಲಗೈಯನ್ನು ಕಿವಿಗೆ ಒತ್ತಿಕೊಂಡರು. ಎರಡನೆಯ ನುಡಿ ಶುರುವಾಯಿತು. ಅವರು ಪಲ್ಲವಿಗೆ ಉಸಿರು ಎಳೆದುಕೊಂಡರು. ಟಕ್.

ಕೈ ಕಿವಿಯ ಮೇಲೇ ಇತ್ತು. ಬಾಯಿ ತೆರೆದೇ ಇತ್ತು.

ಆ ಹೆಣ್ಣುಮಗಳು ತಲೆಯ ಮೇಲಿನ ಸೆರಗು ಹಿಡಿದು, ಹಾಡು ನಿಂತಲ್ಲಿಂದ ಮೆಲ್ಲಗೆ ಮುಂದಿನ ಎರಡು ಮಾತು ಹಾಡಿದಳು. ನಿಲ್ಲಿಸಿದಳು.

"ಮುಂದ ಬರೂದಿಲ್ಲ, ಕಾಕಾ. ಅಬ್ಬಾ ಮನ್ಯಾಗ ಎಂದೂ ಪೂರಾ ಹಾಡಿಲ್ಲ."

"ಇರಲಿ ಬಿಡಬೇ," ಎಂದರು. ನನ್ನ ಕಡೆ ತಿರುಗಿ, "ಇನ್ನೊಮ್ಮೆ ಹಚ್ಚು ತಮ್ಮಾ, ಅಷ್ಟರ ಕೇಳೂಣು."

ಹಚ್ಚಿದೆ. ಮೊದಲ ನುಡಿಯೂ ಬರಲಿಲ್ಲ. ಆಮೇಲೆ ಕಂಪ್ಯೂಟರ್ ಆ ಡಿಸ್ಕನ್ನೇ ಗುರುತಿಸಲಿಲ್ಲ. ಮಾಲೀಕರು ಅದನ್ನು ಬಟ್ಟೆಯಲ್ಲಿ ಸುತ್ತಿ ರಿಪೇರಿಗೆಂದು ತಾವೇ ಸೊಲ್ಲಾಪುರಕ್ಕೆ ಒಯ್ದರು, ಹಾಗೆಯೇ ವಾಪಸ್ ತಂದರು.

ಆ ಮೊಹರಮ್ಮಿಗೆ ಮುದುಕರು ಅಲಾಯಿ ಮುಂದೆ ಹೋಗಿ ನಿಂತರಂತೆ. ಪಲ್ಲವಿಯಷ್ಟನ್ನೇ ಹಾಡಿ, ದೋಸ್ತನ ನುಡಿಯ ಜಾಗದಲ್ಲಿ ಸುಮ್ಮನಿದ್ದು, ಮತ್ತೆ ಪಲ್ಲವಿ ಹಾಡಿದರಂತೆ. ಅದನ್ನು ನಾನು ನೋಡಿಲ್ಲ. ಆ ಹೆಣ್ಣುಮಗಳು ಹೇಳಿದ್ದು.

ಅಂಗಡಿಯಲ್ಲಿ ಆದದ್ದನ್ನು ನೋಡಿದವರು ನಾಲ್ವರು. ಮಾಲೀಕರು ಈಗಿಲ್ಲ, ಮುದುಕರೂ ಇಲ್ಲ. ನಾನಿದ್ದೇನೆ. ಆಕೆ ಇಂಡಿಯಲ್ಲಿದ್ದಾಳೆ.