ಬಾಳೆಗುಳಿ ದಾಟಿಸಲು ಬಂದ ತಂಗಿ

ತಂಗಿಗೆ ಸೈಕಲ್ ಕಲಿಸಿದವಳು ನಾನು. ಬೆಳಂಬಾರದ ಕಡಲಂಚಿನಲ್ಲಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಮರಳಿನ ಮೇಲೆ, ಸೀಟು ಹಿಡಿದು ಹಿಂದೆ ಹಿಂದೆ ಓಡಿ ಕಲಿಸಿದ್ದೆ. ಅದೇ ತಂಗಿ ಸೈಕಲ್ ಏರಿ ಕಾರವಾರದಲ್ಲಿ ಹೆಸರು ಮಾಡತೊಡಗಿದಾಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅವಳ ಗಂಡನಿಗೆ ಕೈಗಾದಲ್ಲಿ ಕೆಲಸ, ಮನೆ ಕಾರವಾರದಲ್ಲಿ. ಒಂದು ಸಂಜೆ ಕಂಪನಿ ಬಸ್ಸಿನಿಂದಿಳಿದು ರಸ್ತೆ ದಾಟುತ್ತಿದ್ದ ಪಕ್ಕದ ಮನೆಯವರಿಗೆ ಬೈಕು ಬಡಿದು ಕಾಲು ಮುರಿಯಿತು. ಅಂದಿನಿಂದ ಇವಳು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಓಡಾಡಿದಳು. ಭಾನುವಾರ ಎಲ್ಲರೂ ಸೈಕಲ್ ಹೊಡೆಯುವುದು, ದೊಡ್ಡ ಸಾಹೇಬರನ್ನೇ ಕರೆತಂದು ರಸ್ತೆ ದಾಟಿಸಿ ತೋರಿಸುವುದು, ಹೀಗೆ ಏನೇನೋ. ಕೆಲವೇ ತಿಂಗಳಲ್ಲಿ ಅಲ್ಲಿ ಬಿಳಿ ಪಟ್ಟೆ ಬಂತು, ಮಿನುಗುವ ದೀಪ ಬಂತು, ಪೇಪರಿನಲ್ಲಿ ಅವಳ ಫೋಟೋನೂ ಬಂತು. ನನ್ನ ಗಂಡ ಆ ಪೇಪರನ್ನು ಫೋಟೋ ಮೇಲೆ ಬರುವಂತೆ ಮಡಚಿ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟರು. ಸಂಜೆ ನಾನು ಅದರ ಮೇಲೆಯೇ ಕೊತ್ತಂಬರಿ ಸೊಪ್ಪು ಸೋಸಿದೆ.

ಏಕೆಂದರೆ ಈ ಕೆಲಸ ಮೊದಲು ನನ್ನದು. ನಾನು ಅಂಕೋಲೆಯ ಕಡೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಾಳೆಗುಳಿಯಲ್ಲಿ ಹುಬ್ಬಳ್ಳಿಯ ಲಾರಿಗಳು ಹೆದ್ದಾರಿಗೆ ಬಂದು ಸೇರುವಲ್ಲಿ ನಮ್ಮ ಮಕ್ಕಳು ರಸ್ತೆ ದಾಟಬೇಕು. ತಂಗಿಗೆ ಇದೆಲ್ಲ ಹೊಳೆಯುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ನಾನು ಅಲ್ಲಿ ಕೈ ಅಡ್ಡ ಹಿಡಿದು ನಿಂತವಳು. ಜೊತೆಗಿದ್ದವಳು ಒಬ್ಬಳೇ, ಮನೆಮನೆಗೆ ಮೀನು ಮಾರುವ ಹೆಂಗಸು. ಅವಳು ಬುಟ್ಟಿಯನ್ನು ಹುಣಸೆಮರದ ಬುಡಕ್ಕಿಳಿಸಿ, ಮಕ್ಕಳನ್ನು ಆಚೆ ಬಿಟ್ಟು, ಆಮೇಲೆ ವ್ಯಾಪಾರಕ್ಕೆ ಹೋಗುತ್ತಿದ್ದಳು. ನಾವಿಬ್ಬರೂ ಮೆಟ್ಟಿಲು ಹತ್ತದ ಕಚೇರಿಯಿಲ್ಲ. ಎಲ್ಲ ಕಡೆಯೂ ಕೂರಿಸಿ, ನೋಡುವಾ ಎಂದು ಕಳಿಸುತ್ತಿದ್ದರು.

ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ಲಾರಿಯ ಗಾಳಿ ಬಡಿದು ಚರಂಡಿಗೆ ಬಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ನಾನು ಅವಳನ್ನು ಎತ್ತಿ ಕೂರಿಸಿ ಕೆಸರು ಒರೆಸುತ್ತಿದ್ದಾಗ ಮೀನಿನವಳು ಹೇಳಿದಳು:

“ಅಕ್ಕೋರೆ, ಇದು ನಮ್ಮಿಬ್ರಿಂದ ಆಗೂದಲ್ಲ. ನಿಮ್ಮ ತಂಗಿಯೋರನ್ನ ಕರ್ಸಿ.”

ಬೇರೆ ಯಾರು ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳ ಬಾಯಿಂದ ಬಂದದ್ದು ಎದೆಗೆ ನಾಟಿತು. ಆದರೆ ಎದುರಿಗೆ ಆ ಹುಡುಗಿ ನಡುಗುತ್ತ ಕೂತಿದ್ದಳು. ಮನೆಗೆ ಹೋಗಿ ಫೋನು ಮಾಡಿದೆ. ತಂಗಿ ನನ್ನ ಮಾತು ಮುಗಿಯುವುದರೊಳಗೆ ಬರುತ್ತೇನೆಂದಳು.

ಶನಿವಾರ ಬೆಳಿಗ್ಗೆ, ಅರ್ಧ ದಿನದ ಶಾಲೆ ಬಿಡುವ ಹೊತ್ತಿಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಅದೂ ಅವಳಿಗೆ ಒಪ್ಪುತ್ತಿತ್ತು. ನಾನು ವರ್ಷಗಟ್ಟಲೆ ಬೇಡಿದರೂ ಬಾರದಿದ್ದ ಮಕ್ಕಳ ತಾಯಂದಿರು ಅಂದು ತಾವಾಗಿಯೇ ಬಂದಿದ್ದರು. ಕೂಗುವುದು ಬೇಡ, ರಸ್ತೆಯಲ್ಲಿ ಕೂರುವುದೂ ಬೇಡ, ಸಾಲಾಗಿ ಆಚೆ ಹೋಗಿ ಈಚೆ ಬರುತ್ತಿದ್ದರೆ ಸಾಕು ಎಂದಳು. ಹಾಗೆಯೇ ದಾಟತೊಡಗಿದೆವು. ಮಕ್ಕಳು, ತಾಯಂದಿರು, ಮೀನಿನವಳು, ಸೈಕಲ್ ತಳ್ಳಿಕೊಂಡ ಒಬ್ಬಿಬ್ಬರು ಗಂಡಸರು. ಸಾಲು ಕಡಿಯಲೇ ಇಲ್ಲ. ಲಾರಿಗಳು ಹಾರ್ನು ಹೊಡೆದು ಹೊಡೆದು ಸುಮ್ಮನೆ ನಿಂತವು. ಇಷ್ಟು ಸುಲಭದ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು. ಮೀನಿನವಳು ನನ್ನ ಕೈ ಬಿಟ್ಟು ತಂಗಿಯ ಕೈ ಹಿಡಿದು ನಗುತ್ತ ದಾಟುತ್ತಿದ್ದಳು. ಅದನ್ನಂತೂ ನೋಡಲಾಗಲಿಲ್ಲ.

ಪೊಲೀಸರು ಬಂದರು, ಹಿಂದೆಯೇ ಜೀಪಿನಲ್ಲಿ ಒಬ್ಬ ಸಾಹೇಬರು. ಇದನ್ನು ಮಾಡಿಸುತ್ತಿರುವವರು ಯಾರು ಎಂದು ಕೇಳಿದರು. ಎಲ್ಲರ ಕಣ್ಣೂ ತಂಗಿಯ ಕಡೆ ಹೋಯಿತು. ಅವಳು ನನ್ನ ಭುಜ ಹಿಡಿದು ಮುಂದೆ ತಂದಳು.

“ನಾನು ಇವತ್ತು ಬಂದವ್ಳು ಸರ್. ಇಷ್ಟು ವರ್ಷ ಇಲ್ಲಿ ನಿಂತದ್ದು ನಮ್ಮಕ್ಕ. ಅವಳ ಹತ್ರನೇ ಕೇಳಿ.”

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ನನಗೆ ಮಾತ್ರ ನನ್ನದೇ ಜಾಗವನ್ನು ಅವಳು ದಾನ ಕೊಟ್ಟ ಹಾಗಾಯಿತು. ಆದರೂ ಬಿಡಲಿಲ್ಲ. ಎಲ್ಲಿ ವೇಗ ತಗ್ಗಬೇಕು, ದೀಪ ಎಲ್ಲಿ, ಮಕ್ಕಳು ಕಾಯಲು ಜಾಗ ಎಲ್ಲಿ, ಒಂದೊಂದನ್ನೂ ಸಾಹೇಬರನ್ನು ನಡೆಸಿಕೊಂಡು ಹೋಗಿ ತೋರಿಸಿದೆ. ಅವರು ಬಿಸಿಲಲ್ಲಿ ನಿಂತು ಕೇಳಿದರು. ಮೊದಲ ಸಲ ಯಾರೂ ನೋಡುವಾ ಎನ್ನಲಿಲ್ಲ.

ದೀಪಾವಳಿಯೊಳಗೆ ವೇಗ ತಗ್ಗಿಸುವ ಬ್ಯಾರಿಕೇಡು ಬಂತು, ದೀಪದ ಕಂಬ ಬಂತು. ಕಾಯುವ ಜಾಗ ಇನ್ನೂ ಬಂದಿಲ್ಲ. ಲಾರಿಗಳು ಈಗ ನಿಧಾನವಾಗುತ್ತವೆ, ಮಕ್ಕಳು ಓಡದೆ ನಡೆದೇ ದಾಟುತ್ತಾರೆ. ಅದನ್ನು ನೋಡಿ ನಿಂತಾಗ ಮನಸ್ಸು ನಿಜವಾಗಿಯೂ ತುಂಬುತ್ತದೆ. ಅಷ್ಟರಲ್ಲಿ ಯಾರಾದರೂ ಬಂದು, ನಿಮ್ಮ ತಂಗಿ ಒಂದೇ ದಿನದಲ್ಲಿ ಮಾಡಿಸಿಕೊಟ್ಟರಲ್ಲ ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ. ಹೊಟ್ಟೆಯೊಳಗೆ ಮತ್ತೆ ಕಿಚ್ಚು ಹತ್ತುತ್ತದೆ.

ಈಗ ನಾನೂ ಮೀನಿನವಳೂ ಬೆಳಂಬಾರದ ರಸ್ತೆಯ ಅಂಚಿನಲ್ಲಿ ನಡೆಯಲು ಒಂದು ದಾರಿ ಬೇಕೆಂದು ಹೊರಟಿದ್ದೇವೆ. ತಾಯಂದಿರೂ ಬರುತ್ತಿದ್ದಾರೆ. ತಂಗಿಗೆ ಹೇಳಿದಿರಾ ಎಂದು ಮೀನಿನವಳು ಆಗಾಗ ಕೇಳುತ್ತಾಳೆ. ಇನ್ನೂ ಹೇಳಿಲ್ಲ.