ಚೀಟಿ ಮೇಡಂ ರಜೆಗೆ ಹೋದದ್ದು

ನನ್ನ ಹೆಂಡತಿಯನ್ನು ಅವಳ ಹೋಟೆಲಿನಲ್ಲಿ ಎಲ್ಲರೂ ಚೀಟಿ ಮೇಡಂ ಎನ್ನುತ್ತಾರೆ. ರೂಮು ಬುಕ್ ಮಾಡುವುದು, ಬಂದವರಿಗೆ ಕೀಲಿ ಕೊಡುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಿಂದ ಅದೇ ಕೌಂಟರು, ಅದೇ ಕುರ್ಚಿ. ಕುರ್ಚಿಯ ಚಕ್ರ ಮಾತ್ರ ಎರಡು ಸಲ ಬದಲಾಗಿದೆ. ಬೇರೆಯವರು ಕೀಲಿ ಕೊಡುತ್ತಾ "ಮುನ್ನೂರ ಐದು ಸರ್" ಎಂದು ಬಾಗಿಲಾಚೆ ನಿಂತವನಿಗೂ ಕೇಳಿಸುವಂತೆ ಹೇಳಿದರೆ, ಇವಳು ತುಟಿ ಬಿಚ್ಚುವುದಿಲ್ಲ. ಸಣ್ಣ ಚೀಟಿಯಲ್ಲಿ ನಂಬರು ಬರೆದು, ಬರಹ ಕೆಳಗೆ ಮಾಡಿ, ಎರಡು ಬೆರಳಲ್ಲಿ ಮುಂದೆ ತಳ್ಳುತ್ತಾಳೆ. ಕೆಲವರು ಇದೇನೋ ಲಂಚದ ವ್ಯವಹಾರ ಎಂದುಕೊಂಡು ಅತ್ತಿತ್ತ ನೋಡುತ್ತಾರಂತೆ.

ನಾನೂ ಅದನ್ನು ಹೋಟೆಲಿನ ಕಟ್ಟುಪಾಡೆಂದೇ ತಿಳಿದಿದ್ದೆ. ಮನೆಯಲ್ಲಿಯೂ ಅವಳು ಹೆದರುಪುಕ್ಕಲಿ. ಬೀಗ ಹಾಕಿ ಎರಡು ಸಲ ಎಳೆದು ನೋಡುವವಳು, ಮೆಟ್ಟಿಲಿಳಿದು ಮತ್ತೆ ಹತ್ತಿ ಮೂರನೆಯ ಸಲ ಎಳೆಯುವವಳು. ನಾನು ಕನ್ನಡಕದ ಅಂಗಡಿಯವನು. ದಿನಕ್ಕೆ ಇಪ್ಪತ್ತು ಜನರ ಕಣ್ಣು ನೋಡಿ ಇವರಿಗೆ ಎಷ್ಟು ಕಾಣುತ್ತದೆ ಎಂದು ಹೇಳುತ್ತೇನೆ. ನನಗೆ ಎಷ್ಟು ಕಾಣುತ್ತಿತ್ತು ಎಂಬುದು ಹೋದ ವರ್ಷದ ರಜೆಯಲ್ಲಿ ಗೊತ್ತಾಯಿತು.

ಮಕ್ಕಳು ಚಿಕ್ಕವರಿದ್ದಾಗ ರೂಮು ಹಿಡಿಯುವುದು ಸುಲಭ. ಒಂದು ರೂಮು, ಒಂದು ಹೆಚ್ಚುವರಿ ಹಾಸಿಗೆ, ಎಲ್ಲರೂ ಅಡ್ಡಡ್ಡ ಮಲಗಿದರೆ ಮುಗಿಯಿತು. ಈಗ ದೊಡ್ಡವಳಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ಚಿಕ್ಕವಳಿಗೆ ಹದಿನಾಲ್ಕು. ಇಬ್ಬರೂ ಅಮ್ಮನಿಗಿಂತ ಎರಡು ಬೆರಳು ಎತ್ತರ. ನಾಲ್ವರನ್ನು ಒಂದೇ ರೂಮಿಗೆ ಹೋಟೆಲಿನವರು ಬಿಡುವುದಿಲ್ಲ. ಬಿಟ್ಟರೂ ಮಕ್ಕಳು ಒಪ್ಪುವುದಿಲ್ಲ.

"ಅಪ್ಪನ ಗೊರಕೆ ಕೇಳೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಮನೇಲೇ ಕೇಳಿಸುತ್ತಲ್ಲ" ಎಂದಳು ಚಿಕ್ಕವಳು.

"ಎರಡನೇ ರೂಮು ನನ್ನ ಹೆಸರಲ್ಲಿರಲಿ. ನಾನೇ ಸಹಿ ಮಾಡ್ತೀನಿ" ಎಂದಳು ದೊಡ್ಡವಳು.

ಅದಕ್ಕೆ ಅವಳಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಕೊನೆಗೆ ನಾನೇ ನಡುವೆ ಬಾಯಿ ಹಾಕಿ ಒಪ್ಪಿಸಿದೆ. ಆದರೆ ಅವಳದೊಂದು ಷರತ್ತು: ಎರಡು ರೂಮುಗಳ ನಡುವೆ ಒಳಗಿನಿಂದಲೇ ಬಾಗಿಲಿರಬೇಕು. ಕೆರೆಯ ದಡದ ಆ ಹೋಟೆಲಿಗೆ ಅವಳು ಮೂರು ಸಲ ಫೋನ್ ಮಾಡಿದಳು. "ಮಧ್ಯ ಬಾಗಿಲಿರೋ ರೂಮುಗಳೇ ತಾನೆ? ಮರೀಬೇಡಿ. ದೊಡ್ಡ ಮಕ್ಕಳು, ಅವರಿಬ್ಬರೇ ಇರ್ತಾರೆ." ಮೂರನೆಯ ಸಲ ಆ ಕಡೆಯವರು ನಿಟ್ಟುಸಿರು ಬಿಟ್ಟದ್ದು ಇತ್ತ ಕುಳಿತ ನನಗೂ ಕೇಳಿಸಿತು.

ನಾವು ಅಲ್ಲಿ ಇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಕೌಂಟರಿನಲ್ಲಿದ್ದ ಯುವಕ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ. ಮಧ್ಯ ಬಾಗಿಲಿರುವ ರೂಮಿನಲ್ಲಿ ಬಚ್ಚಲ ಪೈಪು ಒಡೆದಿದೆಯಂತೆ. ನಮಗೆ ಎರಡನೇ ಮಹಡಿ, ಮಕ್ಕಳಿಗೆ ನಾಲ್ಕನೇ ಮಹಡಿ. ಅವನು ನಂಬರು ಹೇಳದೆ ಕೀಲಿಯನ್ನೇ ತೋರಿಸಿದ. ನನ್ನ ಹೆಂಡತಿಗೆ ಸಿಟ್ಟು ನೆತ್ತಿಗೇರಿತು.

"ನಾನೂರ ಹನ್ನೆರಡಾ? ಹೆಣ್ಣುಮಕ್ಕಳಿಬ್ಬರನ್ನೇ ನಾನೂರ ಹನ್ನೆರಡಕ್ಕೆ ಹಾಕಿ ನಮ್ಮನ್ನ ಕೆಳಗಿಡ್ತೀರಾ? ಮೂರು ಸಲ ಹೇಳಿದ್ನಲ್ರೀ!"

ಇಡೀ ಹಜಾರ ತಿರುಗಿ ನೋಡಿತು. ಅವಳು ನಾಲಿಗೆ ಕಚ್ಚಿಕೊಂಡಳು. ಸೋಫಾದಲ್ಲಿ ಚೌಕಳಿ ಅಂಗಿಯ ಒಬ್ಬ ನಡುವಯಸ್ಸಿನವನು ಪೇಪರು ಕೆಳಗಿಳಿಸಿ ಮೊದಲು ಅವಳನ್ನು, ಆಮೇಲೆ ಮಕ್ಕಳನ್ನು ನೋಡಿದ. ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಅವಳ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ರೀ, ನಾನೇ ಹೇಳಿಬಿಟ್ಟೆ" ಎಂದಳು ಲಿಫ್ಟಿನಲ್ಲಿ.

"ಏನು?"

"ನಂಬರು. ಎರಡು ಸಲ."

ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ನನಗೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಕ್ಕಳನ್ನು ಮೇಲೆ ಬಿಟ್ಟು ಬರುವಾಗ ಅವಳು ಬಾಗಿಲ ಸರಪಳಿ ಹಾಕಿಸಿ ತೆಗೆಸಿ ನೋಡಿದಳು. ಯಾರು ತಟ್ಟಿದರೂ ತೆಗೆಯಬಾರದು, ಗಾಜಿನ ಕಿಂಡಿಯಲ್ಲಿ ಮುಖ ನೋಡಬೇಕು, ಫೋನಿನಲ್ಲಿ ಯಾರಿಗೂ ರೂಮಿನ ನಂಬರು ಹೇಳಬಾರದು. ಚಿಕ್ಕವಳು ಹಾಸಿಗೆಯ ಮೇಲೆ ಕುಣಿಯುತ್ತಾ "ಸರಿ ಚೀಟಿ ಮೇಡಂ" ಎಂದಳು. ದೊಡ್ಡವಳು ಕಿಂಡಿಗೆ ಕಣ್ಣಿಟ್ಟು ಹೊರಗೆ ನೋಡಿದಳು. ನಾಲ್ಕು ಗಂಟೆಗೆ ಕೆಳಗೆ ಸೇರಿ ಕೆರೆಯ ದಡಕ್ಕೆ ಹೋಗುವುದೆಂದಾಯಿತು.

ನಾನು ಊಟ ಮುಗಿಸಿ ಮಲಗಿದೆ. ಎಚ್ಚರವಾದಾಗ ಅವಳು ಮಂಚದ ತುದಿಯಲ್ಲಿ ಚಪ್ಪಲಿ ಹಾಕಿಕೊಂಡೇ ಕುಳಿತಿದ್ದಳು. ಗಂಟೆ ನಾಲ್ಕು ಹತ್ತು.

"ದೊಡ್ಡವಳು ಫೋನ್ ಎತ್ತುತ್ತಿಲ್ಲ. ಚಿಕ್ಕವಳದು ಆಫ್ ಆಗಿದೆ."

"ಮಲಗಿರ್ತಾರೆ ಬಿಡು. ರೂಮಿನ ಫೋನಿಗೆ ಮಾಡು."

ಅವಳು ಮಾಡಿದಳು. ಎರಡನೆಯ ರಿಂಗಿಗೇ ಯಾರೋ ಎತ್ತಿದರು. ಅವಳು ರಿಸೀವರನ್ನು ನನ್ನ ಕಡೆ ಚಾಚಿದಳು. ಕಿವಿಗಿಟ್ಟುಕೊಂಡೆ.

"ಹಲೋ? ಯಾರದು?" ಎಂದಿತು ಒಂದು ಗಂಡಸಿನ ದನಿ.

ರಿಸೀವರನ್ನು ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ಲಿಫ್ಟು ಬೇರೆಲ್ಲೋ ನಿಂತಿತ್ತು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆವು. ಮೂರನೇ ಮಹಡಿಯಲ್ಲಿ ಅವಳ ಒಂದು ಚಪ್ಪಲಿ ಜಾರಿ ಉಳಿಯಿತು. ಅವಳು ಹಿಂದಿರುಗಿ ನೋಡಲಿಲ್ಲ. ಓಡುತ್ತಲೇ ಏನೇನೋ ಕೆಟ್ಟ ಯೋಚನೆಗಳು ನನ್ನ ತಲೆಗೆ ನುಗ್ಗಿದವು. ಒಂದನ್ನೂ ಇಲ್ಲಿ ಬರೆಯಲಾರೆ.

ನಾನೂರ ಹನ್ನೆರಡರ ಬಾಗಿಲನ್ನು ಮುಷ್ಟಿಯಿಂದ ಗುದ್ದಿದೆ. ತೆರೆದವನು ಅದೇ ಚೌಕಳಿ ಅಂಗಿಯವನು. ಅಂಗಿಯ ಗುಂಡಿ ಬಿಚ್ಚಿತ್ತು, ಹೆಗಲ ಮೇಲೆ ಟವೆಲ್ಲು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡದ ನಾನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ.

"ನನ್ನ ಮಕ್ಕಳೆಲ್ಲಿ?"

"ಯಾವ ಮಕ್ಕಳು ಸಾರ್? ನನಗೆ ಈಗ ಎರಡು ಗಂಟೆಗೆ ಈ ರೂಮು ಕೊಟ್ರು! ಬೆಳಿಗ್ಗೆಯಿಂದ ಕೆಳಗೆ ಕಾಯ್ತಾ ಕೂತಿದ್ದೆ. ಬೇಕಿದ್ರೆ ಕೇಳಿ!" ಅವನ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ.

ಅವಳು ನಮ್ಮಿಬ್ಬರನ್ನೂ ದಾಟಿ ಒಳಗೆ ನುಗ್ಗಿದ್ದಳು. ಮಂಚದ ಕೆಳಗೆ ಬಗ್ಗಿ ನೋಡಿದಳು, ಕಪಾಟು ತೆರೆದಳು, ಬಚ್ಚಲಿಗೆ ಹೋದಳು. ಹೊರಬಂದಾಗ ಅವಳ ಅಂಗೈಯಲ್ಲಿ ಹಳದಿ ಹೇರ್‌ಕ್ಲಿಪ್ ಇತ್ತು. ಚಿಕ್ಕವಳದು. ಈ ಮನುಷ್ಯ ಹೇಳುವುದು ನಿಜವಿರಬಹುದು ಎಂದು ಬುದ್ಧಿ ಹೇಳುತ್ತಿತ್ತು, ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಂಡತಿಯೇ ನನ್ನ ಕೈ ಬಿಡಿಸಿ ಎಳೆದುಕೊಂಡು ಹೊರಟಳು.

ಕೆಳಗೆ ಮಧ್ಯಾಹ್ನದ ಯುವಕ ಹೋಗಿ ಬೇರೊಬ್ಬ ಹುಡುಗಿ ಬಂದಿದ್ದಳು. ಇಪ್ಪತ್ತೆರಡರ ವಯಸ್ಸು, ಮೂಗಿಗೆ ದೊಡ್ಡದಾದ ಕನ್ನಡಕ, ಮಾತಿಗೊಮ್ಮೆ ಮೇಲೆ ತಳ್ಳಿಕೊಳ್ಳುತ್ತಿದ್ದಳು. ನನ್ನ ಹೆಂಡತಿ ಮಗಳ ಪೂರ್ತಿ ಹೆಸರು ಹೇಳಿದಳು. ಹುಡುಗಿ ಪರದೆ ನೋಡಿದಳು. ಅವಳ ಮುಖ ಬಿಗಿಯಾಯಿತು.

"ಕ್ಷಮಿಸಿ ಮೇಡಂ. ಗೆಸ್ಟ್‌ಗಳ ರೂಮು ನಂಬರು ಕೊಡೋ ಹಾಗಿಲ್ಲ."

"ನಾನು ಅವಳ ತಾಯಿ ಕಣಮ್ಮ."

"ಬಂದವರೆಲ್ಲ ಹಾಗೇ ಹೇಳ್ತಾರೆ ಮೇಡಂ."

ಆ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ! ನನ್ನ ಹೆಂಡತಿ ಕೆಲಸದಿಂದ ಬಂದು ಕಾಲು ಚಾಚಿ ಕುಳಿತಾಗ, "ಇವತ್ತೂ ಒಬ್ಬ ಚಿಕ್ಕಪ್ಪ ಅಂತ ಹೇಳ್ಕೊಂಡು ಬಂದಿದ್ದ, ಬಂದವರೆಲ್ಲ ಹಾಗೇ ಹೇಳ್ತಾರೆ ಅಂದೆ" ಎನ್ನುತ್ತಿದ್ದಳು. ನಾನು ಕೌಂಟರಿಗೆ ಗುದ್ದಿ, ನಿಮ್ಮ ಮ್ಯಾನೇಜರನ್ನು ಕರೆಯಿರಿ, ಪೊಲೀಸರನ್ನು ಕರೆಸುತ್ತೇನೆ ಎಂದು ಬಾಯಿಗೆ ಬಂದದ್ದೆಲ್ಲ ಕೂಗಿದೆ.

"ಸಾರ್, ಇಲ್ಲಿ ಬರೆದಿದೆ. ಯಾರು ಕೇಳಿದ್ರೂ ಹೇಳಬಾರದು ಅಂತ" ಎಂದಳು ಹುಡುಗಿ, ಅಳುವ ದನಿಯಲ್ಲಿ, ಆದರೆ ಜಗ್ಗದೆ.

"ಬರೆಸಿದ್ದು ಯಾರು?" ನನ್ನ ಹೆಂಡತಿಯ ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. "ಅವಳೇನಾ? ಜೊತೆಗೆ ಬೇರೆ ಯಾರಾದ್ರೂ ಇದ್ದರಾ?"

"ಅದು ನನಗೆ ಗೊತ್ತಿಲ್ಲ ಮೇಡಂ. ನಾನು ಬಂದಿದ್ದು ಮೂರು ಗಂಟೆಗೆ."

ನಾನು ಕೌಂಟರ್ ದಾಟಿ ಆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಲು ಕೈ ಚಾಚಿದೆ. ಹೆಂಡತಿ ನನ್ನ ರಟ್ಟೆ ಹಿಡಿದಳು. "ಬೇಡ ರೀ. ಅವಳು ಸರಿಯಾಗೇ ಮಾಡ್ತಿದ್ದಾಳೆ." ಆಮೇಲೆ ಹುಡುಗಿಯ ಕಡೆ ತಿರುಗಿ, "ನಂಬರು ಬೇಡಮ್ಮ. ನೀನೇ ಆ ರೂಮಿಗೆ ಫೋನ್ ಮಾಡು. ಮಕ್ಕಳು ಇದ್ದಾರಾ ಅಂತ ಅಷ್ಟೇ ಹೇಳು" ಎಂದಳು.

ಹುಡುಗಿ ಕೈಯಡ್ಡ ಹಿಡಿದು ನಂಬರು ಒತ್ತಿದಳು. ರಿಂಗಾಗುವ ಸದ್ದು ನಮಗೂ ಕೇಳಿಸುತ್ತಿತ್ತು. ಆಗಿ ಆಗಿ ನಿಂತುಹೋಯಿತು. ಮತ್ತೆ ಒತ್ತಿದಳು.

ಆಗ ನನ್ನ ಹೆಂಡತಿ, ಕಣ್ಣನ್ನು ಆ ಫೋನಿನ ಮೇಲಿಟ್ಟುಕೊಂಡೇ, ನನಗೆ ಹೇಳಿದಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬ ಫೋನ್ ಮಾಡಿ, ತಂಗಿ ನಿಮ್ಮಲ್ಲಿ ಇಳಿದಿದ್ದಾಳೆ, ಯಾವ ರೂಮು ಎಂದು ಕೇಳಿದ್ದ. ಮರ್ಯಾದೆಯ ಮಾತು, ನಗುವ ದನಿ. ಇವಳು ಹೇಳಿದಳು. ಅವನು ಅಣ್ಣನಲ್ಲ, ಆ ಹೆಂಗಸು ಅವನಿಂದಲೇ ತಪ್ಪಿಸಿಕೊಂಡು ಬಂದು ಅಲ್ಲಿದ್ದಳು. ಮೇಲಿನಿಂದ ಕೂಗು ಕೇಳಿ ಎಲ್ಲರೂ ಓಡಿದರು. ಅವಳನ್ನು ಕೆಳಗಿಳಿಸಿ ಒಯ್ಯುವಾಗ ಜೀವವಿತ್ತು. ಕೌಂಟರಿನ ಮುಂದೆಯೇ ಒಯ್ದರು. ಆಮೇಲೆ ಉಳಿದಳೋ ಇಲ್ಲವೋ, ಕೇಳುವ ಧೈರ್ಯ ಇವಳಿಗಾಗಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?"

"ನೀವು ಹೆದರ್ಕೊಂಡು ಕೆಲಸ ಬಿಡಿಸ್ತಿದ್ರಿ."

ನಮ್ಮ ಮದುವೆಯಾದ ಹೊಸತು ಅದು. ಒಂದು ದಿನ ಬೇಗ ಮನೆಗೆ ಬಂದು ಜ್ವರ ಎಂದು ಮುಸುಕು ಹಾಕಿ ಮಲಗಿದ್ದಳು. ನಾನು ಮಾತ್ರೆ ತಂದುಕೊಟ್ಟು ಅಂಗಡಿಗೆ ಹೋಗಿದ್ದೆ.

"ಹಲೋ, ರಿಸೆಪ್ಶನ್‌ನಿಂದ" ಎಂದಳು ಹುಡುಗಿ. "ನಿಮ್ಮ ತಾಯಿ ಅಂತ ಒಬ್ಬರು ಇಲ್ಲಿದ್ದಾರೆ... ಸರಿ." ರಿಸೀವರನ್ನು ನನ್ನ ಹೆಂಡತಿಗೆ ಕೊಟ್ಟಳು.

"ಅಮ್ಮಾ?" ದೊಡ್ಡವಳ ನಿದ್ದೆ ತುಂಬಿದ ದನಿ. "ಅಯ್ಯೋ, ಫೋನ್ ಸೈಲೆಂಟ್‌ನಲ್ಲಿತ್ತಮ್ಮ. ರೂಮು ಬದಲಾಯಿಸ್ಕೊಂಡ್ವಿ."

"ಎಲ್ಲಿದ್ದೀಯೇ? ಯಾವ ರೂಮು?"

"ಫೋನಲ್ಲಿ ಹೇಳಲ್ಲ. ಅಲ್ಲೇ ಇರು, ನಾನೇ ಬರ್ತೀನಿ."

ನನ್ನ ಹೆಂಡತಿ ಕೌಂಟರಿಗೆ ಆತುಕೊಂಡು ನಿಂತಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ನೆಲದ ಮೇಲೆಯೇ ಕುಳಿತುಬಿಟ್ಟೆ.

ದೊಡ್ಡವಳು ಕೂದಲು ಕೆದರಿಕೊಂಡು ಇಳಿದು ಬಂದಳು. ಬಂದವಳೇ ನಮ್ಮನ್ನಲ್ಲ, ಮೊದಲು ಸೋಫಾಗಳನ್ನು ನೋಡಿದಳು, ಬಾಗಿಲನ್ನು ನೋಡಿದಳು. ಆಮೇಲೆ ಅಮ್ಮನ ಹತ್ತಿರ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ನೀಲಿ ಪೆನ್ನಿನಿಂದ ಬರೆದ ಮೂರು ಅಂಕಿ. ಎರಡನೇ ಮಹಡಿಯದು, ನಮ್ಮ ರೂಮಿನಿಂದ ಮೂರು ಬಾಗಿಲು ಆಚೆ. ತೋರಿಸಿ ತಕ್ಷಣ ಮುಚ್ಚಿಕೊಂಡಳು.

ನನಗೆ ಹೆಮ್ಮೆಯೆನಿಸಿತು. ಎಂಥ ಜಾಣೆ, ಎಂದು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಆ ಮುಷ್ಟಿಯನ್ನು ತನ್ನೆರಡು ಕೈಯಲ್ಲಿ ಹಿಡಿದಿದ್ದಳು.

"ಕೈ ಯಾಕೆ ಇಷ್ಟು ತಣ್ಣಗಿದೆ?"

ದೊಡ್ಡವಳು ಅಮ್ಮನಿಗೆ ಇನ್ನಷ್ಟು ಹತ್ತಿರ ಸರಿದಳು. "ನೀನು ಕೂಗಿದಾಗ ಅವನು ನೋಡ್ತಿದ್ದನಮ್ಮ. ತುಂಬ ಹೆದರಿಕೆಯಾಯ್ತು. ತಂಗಿಗೆ ಸುಮ್ನೆ ಕಿಟಕಿ ಚೆನ್ನಾಗಿಲ್ಲ, ಬೇರೆ ರೂಮು ಕೇಳೋಣ ಅಂದೆ. ನಂಬರು ಯಾರಿಗೂ ಹೇಳಬೇಡಿ ಅಂತ ಬರೆಸಿದ್ದೂ ನಾನೇ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹೆದರ್ಕೋತಿದ್ದೆ."

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಹತ್ತು ನಿಮಿಷದ ಹಿಂದೆ ಅವಳೇ ನನಗೆ ಹೇಳಿದ ಮಾತು ಅದು. ಮಗಳು ಸಿಕ್ಕ ಮೇಲೆ ನನ್ನ ಭಯ ಇಳಿದಿತ್ತು. ಅವಳ ಮುಖದಲ್ಲಿ ಮಾತ್ರ ಆಗಿನದಕ್ಕಿಂತ ದೊಡ್ಡ ಭಯ ಕಂಡಿತು. ಅವಳು ಮಗಳನ್ನು ಅಪ್ಪಿಕೊಂಡು, ಅದೇ ಹಜಾರದಲ್ಲಿ, ಎಲ್ಲರೆದುರಿಗೆ ಅತ್ತಳು.

ಸಂಜೆ ಚೌಕಳಿ ಅಂಗಿಯವನ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದೆ. ಅವನು ಸರಪಳಿ ತೆಗೆಯದೆಯೇ "ಪರವಾಗಿಲ್ಲ ಸಾರ್, ಹೋಗಿ ಸಾರ್" ಎಂದ.

ಈ ವರ್ಷ ರೂಮು ಬುಕ್ ಮಾಡುವ ಕೆಲಸ ದೊಡ್ಡವಳೇ ವಹಿಸಿಕೊಂಡಳು. ಮೊನ್ನೆ ಊಟದ ಮೇಜಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಮಧ್ಯ ಬಾಗಿಲಿರೋ ರೂಮುಗಳೇ ತಾನೆ?" ಎಂದಳು, ಥೇಟ್ ಅವಳಮ್ಮನ ದನಿಯಲ್ಲಿ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲ ಬಾಯಿ ತೆರೆಯುವ ಹೊತ್ತಿಗೆ ನನ್ನ ಹೆಂಡತಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಬಂದು, ಫೋನು ಇಸಿದುಕೊಂಡು ಆಫ್ ಮಾಡಿದಳು.

"ಎರಡು ಸಲ ಕೇಳಿದೆಯಲ್ಲ, ಸಾಕು ಕಣೇ" ಎಂದಳು. ಹೇಳುವಾಗ ಅವಳ ಕೈ ನಡುಗುತ್ತಿತ್ತು. ಮಗಳಿಗೆ ಕಾಣದಂತೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.