ಕಸ್ತೂರಿಬಾಯಿಯ ಕೊರಳಲ್ಲಿದ್ದ ರೋಮಿನ ಅರಸ

ನಮ್ಮ ಮಣ್ಣೂರಿನ ದರ್ಜಿ ದೌಲತರಾಯನಿಗೆ ಈ ಹಬ್ಬಕ್ಕೆಂದು ಕೊಟ್ಟ ಅಂಗಿ ಮುಂದಿನ ಹಬ್ಬಕ್ಕೆ ಸಿಕ್ಕರೆ ನಿಮ್ಮ ಪುಣ್ಯ. ಭೀಮೆಯ ನೆರೆ ಇಳಿಯಿತೆಂದರೆ ಮಷಿನ್ ಮುಚ್ಚಿಟ್ಟು, ಕುಸಿದ ದಂಡೆಯ ಮಣ್ಣು ಕೆದಕುತ್ತ ಕೂರುವ ಆಸಾಮಿ. ಆಗೊಂದು ಈಗೊಂದು ಬೆಳ್ಳಿ ಬಿಲ್ಲೆ ಸಿಗುತ್ತಿತ್ತು. ಗುಲಬರ್ಗಾದ ಕಾಲೇಜು ಮಾಸ್ತರರೊಬ್ಬರು ಅವನ್ನು ನೋಡಿ, ಎರಡು ಸಾವಿರ ವರ್ಷದ ಹಿಂದಿನ ರೋಮನ್ ನಾಣ್ಯಗಳೆಂದು ಹೇಳಿದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ತಂಬಾಕಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸುತ್ತಿದ್ದ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಎಪ್ಪತ್ತೆಂಟನೆಯ ಇಸವಿಯಲ್ಲಿ ನಗು ನಿಂತಿತು. ಹೆಂಡತಿ ಹೀರಾಬಾಯಿಗೆ ಹೆರಿಗೆ ನೋವು ಶುರುವಾಗಿತ್ತು. ಇನ್ನೂ ಹೊತ್ತಿದೆ ಎಂದ ಸೂಲಗಿತ್ತಿಯ ಮಾತು ನಂಬಿ ಅವನು ಹೊಳೆಗೆ ಹೋದ. ಅಂದೇ ಸಿಕ್ಕಿತು ಎಲ್ಲಕ್ಕಿಂತ ಚೆಂದದ ನಾಣ್ಯ. ಅರಸನ ಮೂಗು, ತಲೆಗೆ ಸುತ್ತಿದ ಎಲೆಮಾಲೆ, ಕತ್ತಿನ ಹಿಂದೆ ಇಳಿಬಿದ್ದ ಅದರ ಪಟ್ಟಿ, ಎಲ್ಲ ಮೊನ್ನೆ ಅಚ್ಚು ಹಾಕಿದಂತೆ. ಮನೆಗೆ ಬರುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ಆ ನಾಣ್ಯವನ್ನು ಅವನು ಎಸೆಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ.

ಎರಡು ವರ್ಷದ ಮೇಲೆ ಅವನ ಅಕ್ಕ ಗುರುಶಾಂತಮ್ಮ ಹಟ ಹಿಡಿದು ತಮ್ಮನಿಗೆ ಅತನೂರಿನ ಕಸ್ತೂರಿಬಾಯಿಯನ್ನು ತಂದುಕೊಂಡಳು. ಸತ್ತ ಹಿರಿಯ ಹೆಂಡತಿಯ ಹೆಸರಿನಲ್ಲಿ ಎರಡನೆಯವಳ ಕೊರಳಿಗೆ ಹೆಣ್ಣಿನ ಮುಖವಿರುವ ಬೆಳ್ಳಿ ಪದಕ ಕಟ್ಟುವುದು ಅವರ ಮನೆತನದ ವಾಡಿಕೆ. ಇಲ್ಲದಿದ್ದರೆ ಹಿರಿಯಾಕೆ ಕಾಡುತ್ತಾಳಂತೆ. ಪತ್ತಾರ ಪದಕ ಮಾಡಿಕೊಡದೆ ಕೈಕೊಟ್ಟ. ಗುರುಶಾಂತಮ್ಮ ತಮ್ಮನ ಡಬ್ಬಿ ತೆರೆದಳು, ಚೆಂದದ ನಾಣ್ಯಕ್ಕೇ ಕೊಂಡಿ ಬೆಸೆಸಿ ತಂದಳು.

"ನೋಡೋ ತಮ್ಮಾ, ನಮ್ಮ ಹೀರಾನೇ! ಅದೇ ಮೂಗು, ಅದೇ ಜಡಿ."

"ಅಕ್ಕಾ, ಅದು ಗಂಡಸು! ರೋಮಿನ ಅರಸ!"

"ಅರಸ ಆದ್ರ ಜಡಿ ಯಾಕ ಬಿಟ್ಟಾನ?"

ಮದುವೆ ಮನೆಯಲ್ಲಿ ಅರಸನ ಪರವಾಗಿ ಯಾರು ಮಾತಾಡಬೇಕು? ಪದಕ ಕೊರಳಿಗೆ ಬಿತ್ತು.

ಕಸ್ತೂರಿಬಾಯಿ ಪ್ರತಿ ಸೋಮವಾರ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಳು, ಕುಂಕುಮ ಇಡುವಳು. ತಿಕ್ಕಿದಷ್ಟೂ ಮುಖ ಸವೆಯುತ್ತಿತ್ತು. ದೌಲತರಾಯ ಹೆಂಡತಿಯ ಕೊರಳು ನೋಡಿ ಸಂಕಟಪಡುತ್ತಿದ್ದನೇ ಹೊರತು ಅವಳ ಮುಖ ನೋಡುತ್ತಿರಲಿಲ್ಲ. ನೆರೆಮನೆಯವನಾದ ನನಗೆ ಅದನ್ನು ಕಂಡು ಮೈಯೆಲ್ಲ ಉರಿಯುತ್ತಿತ್ತು.

"ಬ್ಯಾರೆ ಮಾಡಿಸ್ತೇನಿ, ಇದನ್ನ ಕೊಟ್ಟುಬಿಡು," ಎಂದು ದೌಲತರಾಯ ಒಂದು ದಿನ ಅವಳನ್ನು ಗೋಗರೆದ.

ಎರಡು ಸಲ ಬಸಿರಿಳಿದು, ಮೂರನೆಯ ಬಾರಿ ದಿನ ತುಂಬುತ್ತಿದ್ದವಳು ಅವಳು. "ಹೆರಿಗಿ ಆಗ್ಲಿ, ನಾನೇ ಬಿಚ್ಚಿ ಕೊಡ್ತೇನಿ ರಿ. ಅಲ್ಲೀತನಕ ಹೀರಾ ಅಕ್ಕ ನನ್ನ ಕೊರಳಾಗ ಇರ್ಲಿ. ಆಕೀ ನನ್ನೂ ಒಯ್ದರ ಏನ್ ಮಾಡ್ತೀರಿ?"



ಎಂಬತ್ತಮೂರರ ಮಳೆಗಾಲದಲ್ಲಿ ನೋವು ಬಂತು. ಕೂಸು ಅಡ್ಡ ತಿರುಗಿತ್ತು. ತುಂಬಿದ ಹಳ್ಳದಲ್ಲಿ ನನ್ನ ಟ್ರ್ಯಾಕ್ಟರ್ ಇಳಿಸಿ, ಜೀವ ಕೈಯಲ್ಲಿ ಹಿಡಿದು ಅಫಜಲಪುರದ ದವಾಖಾನೆ ಮುಟ್ಟಿಸಿದೆವು. ಬಾಗಿಲಲ್ಲೇ ನರ್ಸ್ ಅವಳ ಕೊರಳಿನದೆಲ್ಲ ಬಿಚ್ಚಿ ದೌಲತರಾಯನ ಅಂಗೈಗೆ ಹಾಕಿದಳು. ಮೂರು ವರ್ಷ ಹಂಬಲಿಸಿದ್ದು ಕೈಗೆ ಬಂದಿತ್ತು. ಅವನು ಅದನ್ನು ನೋಡಲೂ ಇಲ್ಲ, ನರ್ಸಿನ ಕಾಲಿಗೆ ಬಿದ್ದ.

"ಇದನ್ನ ಆಕೀ ಮೈಮ್ಯಾಲ ಎಲ್ಲೆರೆ ಕಟ್ಟ್ರಿ ಅಕ್ಕಾರ! ಕೈಗಾದ್ರೂ ಕಟ್ಟ್ರಿ!"

"ಯಾರ ಮುಖ ರಿ ಇದು?"

"ನನ್ನ ಹಿರೇ ಹೆಂಡ್ತಿ ರಿ. ಹೀರಾಬಾಯಿ."

ನರ್ಸಿಗೆ ಏನೆನಿಸಿತೋ, ಕಸ್ತೂರಿಬಾಯಿಯ ಮಣಿಕಟ್ಟಿಗೆ ಕಟ್ಟಿ ಒಳಗೆ ಒಯ್ದಳು. ದೌಲತರಾಯ ಆ ಬಾಗಿಲು ಬಿಟ್ಟು ನೀರು ಕುಡಿಯಲೂ ಏಳಲಿಲ್ಲ.

ಕೂಸು ಸತ್ತೇ ಹುಟ್ಟಿತು. ಕಸ್ತೂರಿಬಾಯಿ ಉಳಿದಳು.

ಊರಿಗೆ ಕರೆತಂದ ದಿನ ಅವಳು ಅಳುತ್ತಲೇ ಪದಕ ಬಿಚ್ಚಿ ಅವನ ಮುಂದೆ ಹಿಡಿದಳು. "ತಗೋರಿ. ಮಾತು ಕೊಟ್ಟಿದ್ದೆ."

ದೌಲತರಾಯ ಅದನ್ನು ಕಸಿದುಕೊಂಡು ಮತ್ತೆ ಅವಳ ಕೊರಳಿಗೇ ಕಟ್ಟಿದ. "ಬಿಚ್ಚಬ್ಯಾಡ ಬೇ, ನಿನ್ನ ಕಾಲು ಬೀಳ್ತೇನಿ. ಆಕೀ ಕೂಸಿನ್ನ ಒಯ್ದಾಳ, ನಿನ್ನ ಬಿಟ್ಟಾಳ."